ಒಳಗೆ ಹಿಡಿಕೆಯಿಲ್ಲದ ಬಾಗಿಲು

ಜುಲೈ ೧೨

ಪ್ರಿಯ ಕಡ್ಡಿ,

‘ನಾವೆಲ್ಲ ಕ್ಷೇಮ’ ಎಂದು ಶುರುಮಾಡಬೇಕು. ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ.

ಅಕ್ಕನ ಮನೆಗೆ ಬಂದು ಐದು ವಾರವಾಯಿತು. ಮುಂದಿನ ಕೋಣೆಯನ್ನು ನನಗೂ ಮಗಳಿಗೂ ಬಿಟ್ಟುಕೊಟ್ಟಿದ್ದಾಳೆ. ಕಿಟಕಿ ತೆರೆದರೆ ಸೈಕಲ್ ರಿಪೇರಿ ಅಂಗಡಿಯ ಹಿಂಗೋಡೆ, ಅದಕ್ಕೆ ನೇತುಹಾಕಿದ ಹಳೆಯ ಟೈರುಗಳು. ಇಲ್ಲಿನ ಆಸ್ಪತ್ರೆಯಲ್ಲಿ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ನನಗೆ ಸಿಕ್ಕಿದೆ. ಹೊದಿಕೆಗಳು, ಡಾಕ್ಟರರ ಕೋಟುಗಳು, ಮಕ್ಕಳ ವಾರ್ಡಿನ ಪುಟ್ಟ ಅಂಗಿಗಳು. ಮಗಳು ಹೊಸ ಶಾಲೆಗೆ ಹೋಗುತ್ತಿದ್ದಾಳೆ. ಅವಳ ಅಪ್ಪ ಇಟ್ಟ ಹೆಸರಿಗೆ ತಕ್ಕಂತೆ ಅಲ್ಲೂ ವಕೀಲಮ್ಮನೇ. ಹನ್ನೊಂದು ವರ್ಷಕ್ಕೇ ಟೀಚರುಗಳಿಗೆ ಪಾಟೀಸವಾಲು ಹಾಕುತ್ತಾಳಂತೆ. ಮನೆಯಲ್ಲಿ ಮಾತ್ರ ಏನೂ ಕೇಳುವುದಿಲ್ಲ.

ಕಳೆದ ವಾರ ನಿಮ್ಮ ಐಸ್ ಫ್ಯಾಕ್ಟರಿಯಲ್ಲಿ ಮೀನು ಪ್ಯಾಕ್ ಮಾಡುವ ಹೆಂಗಸೊಬ್ಬಳು ನನ್ನನ್ನು ನೋಡಲು ಬಂದಿದ್ದಳು. ನೀನು ಪ್ರಾರ್ಥನೆಯ ಮನೆಯಲ್ಲಿ ಎದ್ದು ನಿಂತು, ‘ದೇವರು ಒಳ್ಳೆಯವನು, ಗ್ಯಾಸ್ ಸೋರಿದ ದಿನ ಅವನೇ ನನ್ನ ಕೈ ಹಿಡಿದು ಹೊರಗೆ ತಂದ’ ಎಂದೆಯಂತೆ. ಎಲ್ಲರೂ ಕಣ್ಣು ಒರೆಸಿಕೊಂಡರಂತೆ. ನನಗೆ ಸಮಾಧಾನವಾಗಲಿ ಎಂದೇ ಅವಳು ಹೇಳಿದಳು, ಪಾಪ.

ಅವಳು ಹೋದಮೇಲೆ ಒಂದೇ ಮಾತು ತಲೆಯಲ್ಲಿ ಕೂತಿದೆ. ನಿನ್ನ ಕೈ ಹಿಡಿದವನಿಗೆ ಇನ್ನೊಂದು ಕೈ ಇರಲಿಲ್ಲವೇ?

ಪ್ರತಿದಿನ ಮೆಷಿನ್ ಚಾಲೂ ಮಾಡುವ ಮುಂಚೆ ನಿನ್ನ ಅಣ್ಣ ಅದರ ಮೇಲೆ ಅಂಗೈ ಇಟ್ಟು, ‘ಇವತ್ತಿಂದೂ ನಿಂದೇ, ನೋಡ್ಕೋ’ ಎಂದು ಮೇಲಿನವನಿಗೆ ಒಪ್ಪಿಸುತ್ತಿದ್ದರು ಎಂದು ನೀನೇ ಹೇಳಿ ನಮ್ಮನ್ನು ನಗಿಸಿದ್ದೆ. ಆ ದಿನವೂ ಒಪ್ಪಿಸಿದ್ದರಾ? ಕೊನೆಯಲ್ಲಿ ಅವರು ಏನಾದರೂ ಹೇಳಿದರಾ? ಮ್ಯಾನೇಜರ್ ಕಾಗದದಲ್ಲಿ ‘ತಕ್ಷಣ, ನೋವಿಲ್ಲದೆ’ ಎಂದಿದೆ. ಬರೆದವರು ಅಲ್ಲಿರಲಿಲ್ಲ. ನೀನು ಇದ್ದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಉತ್ತರಕ್ಕೆ ಕಾಯುವ,
ಅತ್ತಿಗೆ


ಜುಲೈ ೨೬

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಕಾಗದ ತಲುಪಿತು. ಅಣ್ಣ ನನಗೆ ಒಡಹುಟ್ಟಿದವರಲ್ಲದಿದ್ದರೂ ಅದಕ್ಕಿಂತ ಹೆಚ್ಚು. ಎಂಟು ವರ್ಷ ಅವರ ಕೈಕೆಳಗೆ ಕೆಲಸ ಕಲಿತೆ.

ದೇವರ ದಾರಿ ನಮಗೆ ತಿಳಿಯುವುದಿಲ್ಲ, ಅತ್ತಿಗೆ. ಅವನು ಒಳ್ಳೆಯವನು, ಕೊಟ್ಟ ಮಾತಿಗೆ ತಪ್ಪುವವನಲ್ಲ. ಒಳ್ಳೆಯವರನ್ನು ಬೇಗ ಕರೆಸಿಕೊಳ್ಳುತ್ತಾನೆ ಎಂದು ನಮ್ಮ ಪ್ರಾರ್ಥನೆಯ ಮನೆಯ ಹಿರಿಯರು ಹೇಳಿದರು. ಆ ದಿನವೂ ಅಣ್ಣ ಮೆಷಿನ್ನನ್ನು ಒಪ್ಪಿಸಿಯೇ ಚಾಲೂ ಮಾಡಿದ್ದರು. ಪೈಪು ಒಡೆದ ಕೂಡಲೇ ನನಗೆ ಓಡು ಎಂದರು. ತಾವು ವಾಲ್ವ್ ಮುಚ್ಚಲು ಹೋದರು. ಮುಚ್ಚಿ ಅಲ್ಲಿಯೇ ಬಿದ್ದರು. ಎಲ್ಲ ಒಂದು ನಿಮಿಷದಲ್ಲಿ. ನೋವು ತಿಳಿದಿರಲಾರದು. ಅವರಿಂದಾಗಿ ಪ್ಯಾಕಿಂಗ್ ಹಾಲಿನಲ್ಲಿದ್ದ ಹನ್ನೆರಡು ಹೆಂಗಸರು ಉಳಿದರು.

ಫ್ಯಾಕ್ಟರಿ ಮತ್ತೆ ನಡೆಯುತ್ತಿದೆ. ಅಣ್ಣನ ಜಾಗಕ್ಕೆ ನನ್ನನ್ನೇ ಹಾಕಿದ್ದಾರೆ. ವಕೀಲಮ್ಮನಿಗೆ ನನ್ನ ಆಶೀರ್ವಾದ.

ಇಂತಿ ನಿಮ್ಮ,
ಕಡ್ಡಿ


ಆಗಸ್ಟ್ ೯

ಕಡ್ಡಿ,

ನಿನ್ನ ಕಾಗದ ಓದಿದರೆ ಯಾರೋ ಪಕ್ಕದಲ್ಲಿ ನಿಂತು ಹೇಳಿ ಬರೆಸಿದ ಹಾಗಿದೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಒಂದೇ ಉಸಿರಿಗೆ ನಾಲ್ಕು ಕಥೆ ಹೇಳುತ್ತಿದ್ದವನು ನೀನೇನಾ?

ಒಂದು ಸಂಗತಿ ಹೇಳುತ್ತೇನೆ. ಅವರನ್ನು ಮನೆಗೆ ತಂದ ದಿನ ಒದ್ದೆ ಬಟ್ಟೆಯಲ್ಲಿ ಅವರ ಮುಖವನ್ನೂ ಕೈಯನ್ನೂ ಒರೆಸಿದವಳು ನಾನು. ಬಲಗೈಯ ಗೆಣ್ಣುಗಳು ನಾಲ್ಕೂ ಸುಲಿದಿದ್ದವು. ಚರ್ಮ ಎದ್ದು ರಕ್ತ ಕಪ್ಪಾಗಿತ್ತು. ವಾಲ್ವ್ ತಿರುಗಿಸಿದರೆ ಅಂಗೈ ಉಜ್ಜೀತು, ಗೆಣ್ಣು ಸುಲಿಯುವುದಿಲ್ಲ. ಒಂದು ನಿಮಿಷದಲ್ಲಿ ನೋವಿಲ್ಲದೆ ಹೋದವರು ಯಾವುದಕ್ಕೆ ಗುದ್ದಿದರು?

ನನಗೆ ದೇವರ ದಾರಿ ಬೇಡ. ಆ ಕೋಣೆಯಲ್ಲಿ ನಡೆದದ್ದು ಬೇಕು.

ಅತ್ತಿಗೆ


ಅಕ್ಟೋಬರ್ ೩

ಅಕ್ಕಾ,

ನಾನು ಇವರ ಹೆಂಡತಿ. ನಿಮ್ಮ ಆಗಸ್ಟಿನ ಕಾಗದ ಬಂದಾಗಿನಿಂದ ಇವರು ಇವರಾಗಿ ಉಳಿದಿಲ್ಲ. ಅದರಲ್ಲಿ ಏನಿದೆಯೋ ನನಗೆ ತೋರಿಸಿಲ್ಲ, ಷರ್ಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಪ್ರಾರ್ಥನೆಯ ಮನೆಗೆ ಹೋಗುವುದನ್ನು ಬಿಟ್ಟರು. ಮನೆಯ ಒಂದು ಬಾಗಿಲನ್ನೂ ಮುಚ್ಚಲು ಬಿಡುವುದಿಲ್ಲ. ಬಚ್ಚಲಿಗೆ ಹೋದರೂ ಬಾಗಿಲು ತೆರೆದೇ ಇರಬೇಕು. ಚಳಿಗಾಳಿಗೆ ಎರಡೂ ಮಕ್ಕಳಿಗೆ ಕೆಮ್ಮು ಹತ್ತಿದೆ. ಮೊನ್ನೆ ಚಿಕ್ಕವಳು ಆಟಕ್ಕೆಂದು ಬೀರುವಿನೊಳಗೆ ಕೂತು ಬಾಗಿಲು ಎಳೆದುಕೊಂಡಿದ್ದಕ್ಕೆ, ಎಂದೂ ಕೈಯೆತ್ತದವರು ಅವಳಿಗೆ ಹೊಡೆದರು. ಆಮೇಲೆ ತಾವೇ ಹೋಗಿ ಹಿತ್ತಿಲಲ್ಲಿ ಕೂತರು.

ನಿಮ್ಮ ಸಂಕಟ ನನಗೆ ಗೊತ್ತಿಲ್ಲ ಎಂದಲ್ಲ. ಆದರೆ ನಮ್ಮ ಮನೆಯೂ ಮುಳುಗುತ್ತಿದೆ. ದಯವಿಟ್ಟು ಇನ್ನು ಬರೆಯಬೇಡಿ.

ನಿಮ್ಮ ತಂಗಿಯಂಥವಳು


ಅಕ್ಟೋಬರ್ ೨೧

ಅತ್ತಿಗೆ,

ನನ್ನ ಹೆಂಡತಿ ನಿಮಗೆ ಬರೆದದ್ದು ನಿನ್ನೆ ತಿಳಿಯಿತು. ಅವಳಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಈಗ ನಿಮಗೆ.

ಮೆಷಿನ್ ರೂಮಿನ ಬಾಗಿಲನ್ನು ನೀವು ನೋಡಿಲ್ಲ. ಕಬ್ಬಿಣದ್ದು, ಅಂಚಿಗೆ ರಬ್ಬರು, ಬಿಟ್ಟರೆ ತಾನೇ ಬಂದು ಮುಚ್ಚಿಕೊಳ್ಳುತ್ತದೆ. ಹೊರಗಿನ ಹಿಡಿಕೆ ಸರಿಯಿತ್ತು. ಒಳಗಿನದು ಮುರಿದು ಎರಡು ತಿಂಗಳಾಗಿತ್ತು. ಒಳಗೆ ಸಿಕ್ಕಿಕೊಂಡರೆ ಹೊರಗಿನವರೇ ತೆಗೆಯಬೇಕು. ಅಣ್ಣ ಮ್ಯಾನೇಜರಿಗೆ ಎರಡು ಸಲ ಹೇಳಿದ್ದರು, ‘ಮಾಡಿಸೋಣ’ ಎಂದಿದ್ದರು. ಅಲ್ಲಿಯವರೆಗೆ ಇರಲಿ ಎಂದು ನಾವು ಬಾಗಿಲಿಗೆ ಅಡ್ಡ ಒಂದು ಇಟ್ಟಿಗೆ ಇಟ್ಟುಕೊಂಡಿದ್ದೆವು.

ಬೆಳಿಗ್ಗೆ ಹತ್ತೂವರೆ. ನಾನು ಬಾಗಿಲ ಹತ್ತಿರ ಇದ್ದೆ, ಅಣ್ಣ ಆ ತುದಿಯಲ್ಲಿ ಎಣ್ಣೆ ನೋಡುತ್ತಿದ್ದರು. ಪೈಪಿನ ಜೋಡಣೆ ಕಿತ್ತುಹೋಯಿತು. ಅಮೋನಿಯ ಗ್ಯಾಸ್ ಹೊಡೆದರೆ ಕಣ್ಣಿಗೆ ಸುಣ್ಣ ಎರಚಿದ ಹಾಗಿರುತ್ತದೆ, ಎದೆಯಲ್ಲಿ ಉಸಿರು ಕಲ್ಲಾಗುತ್ತದೆ. ‘ಓಡೋ’ ಎಂದರು. ಓಡಿದೆ. ಹೊಸ್ತಿಲು ದಾಟಿ ಇಟ್ಟಿಗೆಯನ್ನು ಕಾಲಿನಿಂದ ಒದ್ದೆ. ಬಾಗಿಲು ಮುಚ್ಚಿತು.

ಮ್ಯಾನೇಜರಿಗೂ ಪೊಲೀಸರಿಗೂ ಎಡವಿದೆ ಎಂದು ಹೇಳಿದ್ದೇನೆ. ಎಡವಲಿಲ್ಲ. ಅಣ್ಣ ನನ್ನ ಹಿಂದೆ ಬರುತ್ತಿದ್ದದ್ದು ಗೊತ್ತಿತ್ತು. ಬಾಗಿಲು ಮುಚ್ಚಿದ್ದರಿಂದಲೇ ಹಾಲಿನ ಹೆಂಗಸರು ಬದುಕಿದರು ಎಂದು ಈಗ ನನಗೆ ನಾನೇ ಹೇಳಿಕೊಳ್ಳಬಹುದು. ಆ ಗಳಿಗೆಯಲ್ಲಿ ನನಗೆ ಹನ್ನೆರಡು ಜನ ಹೊಳೆಯಲಿಲ್ಲ. ಒಬ್ಬನೇ ಹೊಳೆದ. ಅವನು ನಾನು.

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗಿನಿಂದ ಬಡಿದರು. ಬಡಿತ ನನ್ನ ಬೆನ್ನಿಗೇ ಬಿತ್ತು. ‘ತೆಗಿಯೋ’ ಎಂದರು. ಎರಡನೇ ಸಲ ಬಡಿದು ನನ್ನ ಹೆಸರು ಹಿಡಿದು ಕರೆದರು. ಎಂಟು ವರ್ಷದಲ್ಲಿ ಒಂದು ದಿನವೂ ಅವರು ನನ್ನ ನಿಜವಾದ ಹೆಸರನ್ನು ಕರೆದಿರಲಿಲ್ಲ. ಮೂರನೇ ಸಲ ಬಡಿದರು, ಮಾತಿಲ್ಲ. ಹಿಡಿಕೆ ನನ್ನ ಸೊಂಟದ ಪಕ್ಕದಲ್ಲೇ ಇತ್ತು. ಕೈ ಹೋಗಲಿಲ್ಲ.

ಆಮೇಲೆ ಬಡಿತ ನಿಂತಿತು. ಸ್ವಲ್ಪ ಹೊತ್ತಿಗೆ ಒಳಗಿನ ಬುಸ್ ಎನ್ನುವ ಸದ್ದು ಕಡಿಮೆಯಾಗುತ್ತಾ ಬಂದು ನಿಂತಿತು. ಬಾಗಿಲು ತೆಗೆಸಿದಾಗ ಅಣ್ಣ ವಾಲ್ವಿನ ಬುಡದಲ್ಲಿದ್ದರು. ಮೊದಲೇ ಅಲ್ಲಿಗೆ ಹೋದರು ಎಂದು ಎಲ್ಲರೂ ತಿಳಿದರು. ನಾನು ತಿದ್ದಲಿಲ್ಲ. ನಾನು ತೆಗೆಯುವುದಿಲ್ಲ ಎಂದು ಗೊತ್ತಾದಮೇಲೆ ಅವರು ಆ ಹೊಗೆಯಲ್ಲಿ ತಿರುಗಿ ಹೋಗಿ ವಾಲ್ವ್ ಮುಚ್ಚಿದ್ದು. ನಮ್ಮನ್ನು ಉಳಿಸಲು ಹೋದರೋ, ತಾವು ಉಳಿಯಲು ಹೋದರೋ ನನಗೆ ಗೊತ್ತಿಲ್ಲ. ಆಗಸ್ಟಿನಿಂದ ಅದೊಂದನ್ನೇ ಯೋಚಿಸುತ್ತಿದ್ದೇನೆ.

ಪ್ರಾರ್ಥನೆಯ ಮನೆಯಲ್ಲಿ ದೇವರು ಒಳ್ಳೆಯವನು ಎಂದೆ. ಆ ಮಾತನ್ನು ಮುಚ್ಚಳ ಮಾಡಿಕೊಂಡೆ. ಈಗ ಬಾಯಿ ತೆರೆದು ಅವನನ್ನು ಕರೆಯಲು ಹೋದರೆ ನನ್ನ ಬೆನ್ನಿಗೆ ಬಡಿತ ಬೀಳುತ್ತದೆ.

ನನಗೆ ಉತ್ತರ ಬರೆಯಬೇಕಿಲ್ಲ.

ನಿಮ್ಮ ಮೈದುನ ಎಂದು ಸಹಿ ಮಾಡಲು ಯೋಗ್ಯತೆಯಿಲ್ಲದ,
ಕಡ್ಡಿ


ಜನವರಿ ೮

ಕಡ್ಡಿ,

ನಿನ್ನ ಕಾಗದವನ್ನು ಒಲೆಗೆ ಹಾಕಲು ಎದ್ದೆ. ಹಾಕಲಿಲ್ಲ. ನೀನು ಸಾಯಬೇಕಿತ್ತು ಎಂದು ಎರಡು ತಿಂಗಳು ದಿನಾ ಅಂದುಕೊಂಡೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಕ್ಷಮಿಸಿದ್ದೇನೆ ಎಂದು ಬರೆಯಲು ನಾಲ್ಕು ಸಲ ಕೂತೆ. ಪೆನ್ನು ಮುಂದೆ ಹೋಗಲಿಲ್ಲ. ಹೋಗದಿದ್ದರೆ ಹೋಗದಿರಲಿ.

ಆದರೆ ನೀನು ಗೊತ್ತಿಲ್ಲ ಎಂದ ಒಂದು ಮಾತಿಗೆ ನನ್ನ ಹತ್ತಿರ ಉತ್ತರವಿದೆ.

ಮದುವೆಯಾದ ಎರಡನೇ ವರ್ಷ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು. ಯಾಕೆಂದು ಈಗ ನೆನಪಿಲ್ಲ. ಮನೆ ಬಿಟ್ಟೇ ಹೋಗುತ್ತೇನೆ ಎಂದು ಚೀಲ ಹಿಡಿದು ಹೊರಟವರು ಅಂಗಳದಲ್ಲಿ ನಲ್ಲಿ ಸೋರುತ್ತಿರುವುದನ್ನು ಕಂಡರು. ಚೀಲ ಕೆಳಗಿಟ್ಟರು. ಒಳಗೆ ಬಂದು ಸ್ಪ್ಯಾನರ್ ತೆಗೆದುಕೊಂಡು, ನನ್ನ ಮುಖವನ್ನೂ ನೋಡದೆ ನಲ್ಲಿ ಬಿಚ್ಚಿ, ವಾಷರ್ ಹಾಕಿ, ಕೈತೊಳೆದು, ಮತ್ತೆ ಚೀಲ ಹಿಡಿದು ಹೋದರು. ಸಂಜೆ ತಿರುಗಿ ಬಂದಾಗ ಸಿಟ್ಟು ಹಾಗೇ ಇತ್ತು. ನಲ್ಲಿ ಮಾತ್ರ ಸೋರುತ್ತಿರಲಿಲ್ಲ.

ಅವರು ನಿನ್ನನ್ನು ಕ್ಷಮಿಸಿ ವಾಲ್ವ್ ಮುಚ್ಚಿದರು ಎಂದು ನಾನು ಹೇಳುವುದಿಲ್ಲ. ನಿನ್ನನ್ನು ಬೈಯುತ್ತಲೇ ಮುಚ್ಚಿರಬಹುದು. ಆದರೆ ಆಚೆ ಜನರಿದ್ದಾರೆ ಎಂಬುದನ್ನು ಮರೆಯುವ ಜೀವ ಅದಲ್ಲ. ಸಾಕ್ಷಿ ಏನು ಎಂದು ವಕೀಲಮ್ಮ ಕೇಳಿದರೆ, ಅವರ ಜೊತೆಗಿನ ಹದಿಮೂರು ವರ್ಷ ಎನ್ನುತ್ತೇನೆ. ನೀನು ಬಾಗಿಲ ಈಚೆಗಿದ್ದೆ, ನಿನಗೆ ಕಾಣಲಿಲ್ಲ. ನಾನು ಅಲ್ಲಿರಲೇ ಇಲ್ಲ. ಆದರೂ ನನಗೆ ಗೊತ್ತು.

ದೇವರ ವಿಷಯಕ್ಕೆ ನಾನು ಗೊಣಗಿದಾಗಲೆಲ್ಲ ಅವರು ಇಂಥದ್ದೇ ಒಂದು ಮಾತು ಹೇಳುತ್ತಿದ್ದರು. ‘ಒಂದಿನ ನೋಡಿ ತೀರ್ಮಾನ ಮಾಡ್ಬಾರ್ದು ಕಣೇ. ಜೊತೇಲಿ ಬಾಳಿ ನೋಡ್ಬೇಕು.’ ಅವರಿಗೆ ಅದು ಸಲೀಸು. ನನಗೆ ಇನ್ನೂ ಬರುವುದಿಲ್ಲ. ಬೆಳಿಗ್ಗೆ ಏಳುತ್ತೇನೆ, ಮಗಳಿಗೆ ಜಡೆ ಹಾಕುತ್ತೇನೆ, ಕಾಲು ತಾನಾಗಿ ಆಸ್ಪತ್ರೆಗೆ ನಡೆಯುತ್ತದೆ. ಯಾರು ನಡೆಸುತ್ತಿದ್ದಾರೋ ತಿಳಿಯದು. ನನ್ನ ಬಲವಂತೂ ಅಲ್ಲ, ಅದು ಅವರು ಹೋದ ಮೇ ತಿಂಗಳಲ್ಲೇ ಮುಗಿಯಿತು. ಪ್ರಾರ್ಥನೆ ಬಾಯಿಗೆ ಬರುವುದಿಲ್ಲ, ಜಗಳ ಬರುತ್ತದೆ. ಇಸ್ತ್ರಿ ಒತ್ತುತ್ತಾ ಅವನನ್ನು ಬೈಯುತ್ತೇನೆ. ಜೊತೆಗೆ ಕೆಲಸ ಮಾಡುವ ಮುದುಕಿ ಮೊನ್ನೆ, ‘ಯಾರಿಗಮ್ಮಾ ಇಷ್ಟೊಂದು ಬಯ್ಯೋದು?’ ಎಂದಳು. ಏನು ಹೇಳಲಿ? ಕೇಳಿಸಿಕೊಳ್ಳುವವನು ಯಾರೂ ಇಲ್ಲ ಎಂದು ಖಾತ್ರಿಯಿದ್ದರೆ ದಿನಾ ಇಷ್ಟು ಬೈಯಲು ಯಾರಿಗಾದರೂ ಆಗುತ್ತದೆಯೇ?

ನಿನ್ನ ಹೆಂಡತಿಗೆ ಹೇಳು, ಮಕ್ಕಳಿಗೆ ಬೆಚ್ಚಗೆ ಹೊದಿಸಲಿ.

ಅತ್ತಿಗೆ


ಫೆಬ್ರವರಿ ೪

ಅತ್ತಿಗೆ,

ಕಳೆದ ವಾರ ಪ್ರಾರ್ಥನೆಯ ಮನೆಗೆ ಹೋಗಿ, ಹಿಂದೆ ಎಲ್ಲಿ ನಿಂತು ಹೇಳಿದ್ದೆನೋ ಅಲ್ಲಿಯೇ ನಿಂತು ನಡೆದದ್ದನ್ನು ಹೇಳಿದೆ. ಮುಗಿಸಿದಾಗ ಮಗುವೊಂದು ಬೆಂಚಿಗೆ ಕಾಲು ಬಡಿಯುತ್ತಿತ್ತು, ಅದರ ತಾಯಿ ಕಾಲು ಹಿಡಿದು ನಿಲ್ಲಿಸಿದಳು. ಒಬ್ಬೊಬ್ಬರಾಗಿ ಎದ್ದು ಹೋದರು. ಹಿರಿಯರು ಮಾತ್ರ ಬಂದು ಪಕ್ಕದಲ್ಲಿ ಕೂತರು. ದೇವರು ಒಳ್ಳೆಯವನು ಎಂದು ಸುಳ್ಳು ಹೇಳಿದೆ ಎಂದೆ.

‘ಅದು ಸುಳ್ಳಲ್ಲ ಮಗಾ,’ ಎಂದರು. ‘ನೀನು ಅದರ ಹಿಂದೆ ಬಚ್ಚಿಟ್ಕೊಂಡಿದ್ದೆ, ಅಷ್ಟೆ.’

ಪೊಲೀಸರು ಹೇಳಿಕೆಯನ್ನು ಮತ್ತೆ ಬರೆದುಕೊಂಡಿದ್ದಾರೆ. ಮುರಿದ ಹಿಡಿಕೆಯ ವಿಷಯವೂ ಅದರಲ್ಲಿದೆ. ಮ್ಯಾನೇಜರ್ ನನ್ನ ಮುಖ ನೋಡುವುದಿಲ್ಲ. ನನಗೆ ಏನಾಗುತ್ತದೋ ತಿಳಿಯದು. ಅಣ್ಣನ ಜಾಗ ಬೇಡವೆಂದು ಬಿಟ್ಟು, ಐಸಿನ ಡಬ್ಬಿ ಎತ್ತುವ ಕೆಲಸಕ್ಕೆ ಇಳಿದಿದ್ದೇನೆ. ಹಾಲಿನ ಹೆಂಗಸರಲ್ಲಿ ಹೆಚ್ಚಿನವರು ಮಾತು ಬಿಟ್ಟಿದ್ದಾರೆ. ನಿಮ್ಮನ್ನು ನೋಡಲು ಬಂದಿದ್ದವಳು ಮಾತ್ರ ಎದುರಿಗೆ ಸಿಕ್ಕಾಗ, ‘ನೀನು ಯಾಕಾದ್ರೂ ಮುಚ್ಚಿರು, ನಾನು ಅವತ್ತು ಮನೆಗೆ ಹೋದೆ’ ಎಂದು ಹೇಳಿ ಅತ್ತಳು. ಅದು ಬೈಗುಳವೋ ಉಪಕಾರವೋ ಅವಳಿಗೂ ಗೊತ್ತಿಲ್ಲ.

ನಲ್ಲಿಯ ಕಥೆಯನ್ನು ನನ್ನ ಹೆಂಡತಿ ಎರಡು ಸಲ ಓದಿದಳು.

ಕಡ್ಡಿ


ಮಾರ್ಚ್ ೧೯

ಕಡ್ಡಿ,

ವಕೀಲಮ್ಮ ಕೊನೆಗೂ ಬಾಯಿ ತೆರೆದಳು. ‘ಅಪ್ಪ ಹೇಗೆ ಸತ್ತರು ಅಂತ ನಿಂಗೆ ಗೊತ್ತು. ನಂಗೆ ಹೇಳ್ತಿಲ್ಲ,’ ಎಂದಳು. ನಿನ್ನ ಕಾಗದ ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳಂತೆ.

ನಾನು ಹೇಳುವುದಿಲ್ಲ. ನಿನ್ನ ಪರವಾಗಿ ಒಂದು ಮಾತನ್ನೂ ನಾನು ಆಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಐದಕ್ಕೆ, ಅವಳನ್ನು ಕರೆದುಕೊಂಡು ಬರುತ್ತೇನೆ. ಆ ಕೋಣೆಯ ಮುಂದೆ ನಿಂತು ನೀನೇ ಹೇಳು.

ಅತ್ತಿಗೆ


ಏಪ್ರಿಲ್ ೧೧

ಅತ್ತಿಗೆ,

ನೀವಿಬ್ಬರೂ ಹೋಗಿ ಆರು ದಿನವಾಯಿತು. ನೀವು ಹೊರಗೆ ನಿಂತಿದ್ದಿರಿ. ಒಳಗೆ ನಡೆದದ್ದು ನಿಮಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳುವಾಗ ಅವಳು ಅಳಲಿಲ್ಲ, ನೀವೂ ನೋಡಿದಿರಿ. ಎಷ್ಟು ಸಲ ಬಡಿದರು ಎಂದು ಮಾತ್ರ ಕೇಳಿದಳು. ಮೂರು ಎಂದೆ. ಬಾಗಿಲನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ‘ನೀವು ಒಳಗೆ ಹೋಗಿ,’ ಎಂದಳು. ನೀವು ಬೇಡ ಎನ್ನುತ್ತೀರಿ ಎಂದುಕೊಂಡೆ. ಅನ್ನಲಿಲ್ಲ. ಹೋದೆ. ಅವಳು ಬಾಗಿಲು ಮುಚ್ಚಿದಳು.

ಈಗ ಒಳಗೆ ಹೊಸ ಹಿಡಿಕೆ ಹಾಕಿದ್ದಾರೆ. ಬೇಕೆಂದರೆ ನಾನೇ ತೆಗೆದು ಬರಬಹುದಿತ್ತು. ಮುಟ್ಟಲಿಲ್ಲ. ಬಡಿಯಬಹುದಿತ್ತು. ಬಡಿಯಲು ನನಗೆ ಯಾವ ಹಕ್ಕು? ಭಾನುವಾರವಾದ್ದರಿಂದ ಮೆಷಿನ್ ನಿಂತಿತ್ತು. ಆ ಬಾಗಿಲು ಮುಚ್ಚಿದರೆ ಹೊರಗಿನ ಮಾತು ಒಂದು ಚೂರೂ ಕೇಳುವುದಿಲ್ಲ ಎಂದು ನನಗೆ ಅವತ್ತೇ ತಿಳಿದದ್ದು. ನೀವಿಬ್ಬರೂ ಹೊರಟುಹೋದಿರಿ ಎಂದು ಅನ್ನಿಸಿತು. ಹೋಗಿದ್ದರೂ ಸರಿಯೇ ಎಂದುಕೊಂಡೆ. ಅಣ್ಣ ಬಿದ್ದಿದ್ದ ಜಾಗಕ್ಕೆ ಹೋಗಿ ನೆಲದ ಮೇಲೆ ಕೂತೆ.

ಎಷ್ಟೋ ತಿಂಗಳ ಮೇಲೆ ಅಲ್ಲಿ ದೇವರನ್ನು ಕರೆದೆ. ಉಳಿಸು ಎಂದು ಕೇಳಲಿಲ್ಲ, ಕ್ಷಮಿಸು ಎಂದೂ ಕೇಳಲಿಲ್ಲ. ಇಲ್ಲಿದ್ದೇನೆ ಎಂದೆ, ಅಷ್ಟೇ. ಅವನು ಏನೂ ಹೇಳಲಿಲ್ಲ. ಬೆನ್ನಿಗೆ ಬಡಿತವೂ ಬೀಳಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಬಾಗಿಲು ತೆರೆಯಿತು. ಅವಳು ಎರಡೂ ಕೈಯಲ್ಲಿ ಹಿಡಿಕೆಗೆ ಜೋತುಬಿದ್ದಿದ್ದಳು. ‘ತುಂಬಾ ಭಾರ ಇದೆ,’ ಎಂದಳು. ನನ್ನ ಮುಖ ನೋಡದೆ ಬಸ್ಸಿನ ಕಡೆಗೆ ನಡೆದಳು.

ಮುಂದಿನ ತಿಂಗಳು ವಿಚಾರಣೆ ಇದೆ. ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ.

ನಿಮ್ಮ,
ಕಡ್ಡಿ


ಏಪ್ರಿಲ್ ೧೯

ಕಡ್ಡಿ,

ಒಳಗಿನದು ನೀನು ಬರೆದೆ. ಹೊರಗಿನದು ನಾನು ಬರೆಯುತ್ತೇನೆ, ಅದು ನಿನಗೆ ಕಾಣಲಿಲ್ಲ.

ನಾನು ಹೋಗಿಬಿಡೋಣ ಎಂದೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ, ಅವನು ಬೇಕಾದರೆ ತಾನೇ ಬರಲಿ, ನಡಿ ಎಂದು ಅವಳ ತೋಳು ಹಿಡಿದು ಎಳೆದೆ. ಅವಳು ಕೈ ಕೊಡವಿಕೊಂಡು ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ತಣ್ಣನೆಯ ಕಬ್ಬಿಣಕ್ಕೆ ಕೆನ್ನೆ ಒತ್ತಿ, ಉಸಿರು ಬಿಗಿಹಿಡಿದು, ಹದಿನೈದು ನಿಮಿಷ. ನೀನು ಒಳಗೆ ಕೂತಿದ್ದಷ್ಟು ಹೊತ್ತೂ ಅವಳು ಅಲ್ಲಿಂದ ಕದಲಲಿಲ್ಲ.

ಬಸ್ಸು ಅರ್ಧ ದಾರಿ ದಾಟಿತು. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿ, ‘ಬಡೀಲಿ ಅಂತ ಕಾಯ್ತಾ ಇದ್ದೆ ಅಮ್ಮ. ಬಡೀಲೇ ಇಲ್ಲ. ಅದಕ್ಕೇ ನಾನೇ ತೆಗೆದೆ,’ ಎಂದಳು. ಆಗ ಅತ್ತಳು. ಮನೆ ಮುಟ್ಟುವವರೆಗೂ ಅತ್ತಳು.

ಅತ್ತಿಗೆ